ಸಹಾಯ ಬೇಕು: ಹೊಸ ರೌಟರ್‌ಗೆ ಹಳೇ ವೈಫೈ ಪ್ರಿಂಟರ್ ಕನೆಕ್ಟ್ ಆಗ್ತಿಲ್ಲ (ದಾವಣಗೆರೆ)

ನಮಸ್ಕಾರ ರೀ ಎಲ್ರಿಗೂ. ನಿಟ್ಟುವಳ್ಳಿಲಿ ನಮ್ದೊಂದು ಸಣ್ಣ ಜೆರಾಕ್ಸ್ ಅಂಗಡಿ ಐತಿ, ಮೇಲೆ ಮನೆ. ಫೈಬರ್‌ನೋರು ಬಂದು ಹಳೇ ರೌಟರ್ ಕಿತ್ತು ಡ್ಯುಯಲ್ ಬ್ಯಾಂಡ್‌ದು (2.4, 5 ಗಿಗಾಹರ್ಟ್ಜ್ ಎರಡೂ ವೈಫೈ ಸಿಗ್ನಲ್ ಕೊಡೋದು) ಹಾಕಿ ಹೋದ್ರು, ಮೊಬೈಲು ಟಿವಿ ಎಲ್ಲಾ ಚೆನ್ನಾಗೇ ಓಡ್ತಾವೆ ಆದ್ರೆ ಪ್ರಿಂಟರ್ ಮಾತ್ರ ನೆಟ್‌ವರ್ಕೇ ಹಿಡೀತಿಲ್ಲ, ನೀಲಿ ಲೈಟ್ ಮಿಣಿಮಿಣಿ ಅನ್ಕೊಂಡು ಕೂತೈತಿ.

ಪ್ರಿಂಟರ್ ಡಬ್ಬದ ಮೇಲೆ ನೋಡಿದ್ರೆ 802.11 ಬಿ/ಜಿ/ಎನ್ (ಅದು ಹಿಡಿಯೋ ವೈಫೈ ಬಗೆಗಳು), 2.4 ಗಿಗಾಹರ್ಟ್ಜ್ ಅಂತಷ್ಟೇ ಐತಿ, 5 ಇಲ್ಲ. ರೌಟರ್‌ನಾಗೆ ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇಟ್ಟಾರೆ, ಸೆಕ್ಯುರಿಟಿ ಬೇರೆ ಡಬ್ಲ್ಯೂಪಿಎ3 (ವೈಫೈಗೆ ಹಾಕೋ ಹೊಸ ಬಗೆ ಲಾಕ್, ಡಬ್ಲ್ಯೂಪಿಎ2 ಅದರ ಹಿಂದಿನದು) ಅಂತ ತೋರಿಸ್ತೈತಿ, ಈ ಪ್ರಿಂಟರ್ ಸೆಟ್ಟಿಂಗ್ಸ್‌ನಾಗೆ ಡಬ್ಲ್ಯೂಪಿಎ2 ದಾಟಿ ಏನೂ ಇಲ್ಲ. ನಂಗೆ ಡೌಟ್ ಇರೋದು ಅದರ ಮೇಲೇ. ಪಾಸ್‌ವರ್ಡ್ ಸರಿ ಐತಿ, ರೌಟರ್ ಪಕ್ಕಕ್ಕೇ ತಂದಿಟ್ಟೂ ನೋಡಿದೆ. ಮೊಬೈಲ್ ಹಾಟ್‌ಸ್ಪಾಟ್ 2.4ಕ್ಕೆ ಹಾಕಿ ಕೊಟ್ರೆ ತಕ್ಷಣ ಹಿಡೀತು, ಅಂದ್ರೆ ಪ್ರಿಂಟರ್ ಕೆಟ್ಟಿಲ್ಲ ಅಲ್ವಾ. ಕಸ್ಟಮರ್ ಕೇರ್‌ನಾಗೆ ಕೇಳಿದ್ರೆ ಹೊಸ ಪ್ರಿಂಟರ್ ತಗೊಳ್ರಿ ಸಾರ್ ಅಂತಾರೆ, ದುಡ್ಡೇನು ಗಿಡದಾಗೆ ಬಿಡ್ತೈತಾ!

ಒಬ್ರು ಗೆಸ್ಟ್ ನೆಟ್‌ವರ್ಕ್ (ಬಂದೋರಿಗೆ ಅಂತ ಅದೇ ರೌಟರ್‌ನಾಗೆ ಬೇರೆ ಮಾಡೋ ವೈಫೈ) ಮಾಡಿ ಅದಕ್ಕೆ ಪ್ರಿಂಟರ್ ಹಾಕು ಅಂದ್ರು, ಆದ್ರೆ ಗೆಸ್ಟ್‌ನಾಗೆ ಇರೋ ಡಿವೈಸ್ ಸಾಮಾನ್ಯವಾಗಿ ಮೇನ್ ವೈಫೈನಾಗೆ ಇರೋ ಲ್ಯಾಪ್‌ಟಾಪ್‌ಗೆ ಕಾಣಲ್ವಲ್ಲ, ಮತ್ತೆ ಪ್ರಿಂಟ್ ಹೆಂಗೆ ಕೊಡೋದು? ಅದರ ಬದಲು 2.4ಕ್ಕೆ ಬೇರೆ ಹೆಸರಿಟ್ಟು ಅದಕ್ಕೊಂದಕ್ಕೇ ಡಬ್ಲ್ಯೂಪಿಎ2 ಕೊಟ್ರೆ, 5ರಾಗೆ ಇರೋ ಲ್ಯಾಪ್‌ಟಾಪಿಂದ ಪ್ರಿಂಟ್ ಹೋಗ್ತೈತಾ? ಹಂಗೆ ಮಾಡ್ಕೊಂಡಿರೋರು ಯಾರಾದ್ರೂ ಇದ್ರೆ ಹೇಳ್ರಪ್ಪಾ. ರೌಟರ್ ಅಡ್ಮಿನ್ ಪಾಸ್‌ವರ್ಡ್ ಕೇಬಲ್ ಹುಡುಗನ ಹತ್ರನೇ ಐತಿ, ಅವ್ನು ಫೋನ್ ಎತ್ತಿದ್ರೆ ಇವತ್ತೇ ಮಾಡ್ತೀನಿ. ಹಾಲ್ ಟಿಕೆಟ್ ಪ್ರಿಂಟ್‌ಗೆ ಹುಡುಗ್ರು ಬಂದು ಬಂದು ವಾಪಸ್ ಹೋಗ್ತಿದಾರೆ, ಸ್ವಲ್ಪ ಅರ್ಜೆಂಟು.