ಸಹಾಯ ಬೇಕು: ಮಂಡ್ಯ–ಮೈಸೂರು ಬೇಸಿಗೆ ಓಡಾಟಕ್ಕೆ ಮೆಶ್ ಜಾಕೆಟ್

ಎಲ್ಲರಿಗೂ ನಮಸ್ಕಾರ. ದಿನಾ ಮಂಡ್ಯದಿಂದ ಮೈಸೂರಿಗೆ ಬೈಕಲ್ಲಿ ಹೋಗಿಬರೋಕೆ ಮೆಶ್ (ಗಾಳಿ ಆಡೋ ಜಾಲರಿ ಬಟ್ಟೆಯ) ಜಾಕೆಟ್ ಬೇಕು, ಬಜೆಟ್ 12 ಸಾವಿರದೊಳಗೆ.

2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ, ಸರ್ವೀಸ್ ರಸ್ತೆಯೇ ಗತಿ. ಹಂಪ್ಸು, ಅಡ್ಡ ಬರೋ ಕಬ್ಬಿನ ಟ್ರ್ಯಾಕ್ಟರು, ವೇಗವೇ ಸಿಗಲ್ಲ. ಜಿಪ್ ತೆಗೆದು ಗಾಳಿ ಬಿಡೋ ದಪ್ಪ ಜಾಕೆಟ್ ಈ ವೇಗದಲ್ಲಿ ಬೇಯಿಸಿಬಿಡುತ್ತೆ, ಅದಕ್ಕೇ ಮೆಶ್.

ಆದ್ರೆ ಪೂರ್ತಿ ಮೆಶ್ ಬೇಡ. ಬಿದ್ದಾಗ ರಸ್ತೆಗೆ ಉಜ್ಜೋದು ಭುಜ, ಮೊಣಕೈ. ಅಲ್ಲಿ ಜಾಲರಿ ಇದ್ರೆ ಹರಿದು ಪ್ಯಾಡೇ ಆಚೆ ಬರುತ್ತೆ. ಅಷ್ಟು ಜಾಗದಲ್ಲಿ ದಪ್ಪ ಕಾರ್ಡುರಾ (ಬೇಗ ಹರಿಯದ ಗಟ್ಟಿ ಬಟ್ಟೆ) ಇರಬೇಕು, ಎದೆ ಮತ್ತು ಒಳತೋಳಲ್ಲಿ ಜಾಲರಿ ಸಾಕು. ಲೇಬಲ್ಲಲ್ಲಿ ಇಎನ್ 17092 (ಬೈಕ್ ಸವಾರರ ಉಡುಪಿಗೆ ಇರೋ ಯುರೋಪಿನ ಮಾನದಂಡ), ಅದರಲ್ಲಿ ಎಎ ದರ್ಜೆ ಅಂತ ಇರಲಿ. ಬರೀ 'ಸಿಇ' ಅನ್ನೋ ಯುರೋಪಿನ ಗುರುತು ಇದ್ರೆ ನಂಬೋಕಾಗಲ್ಲ, ಎಷ್ಟೋ ಸಲ ಅದು ಒಳಗಿನ ಪ್ಯಾಡಿನ ಮಾನದಂಡ ಇಎನ್ 1621 ಮಾತ್ರ, ಜಾಕೆಟ್ಟಿಗೆ ಪರೀಕ್ಷೆಯೇ ಆಗಿರಲ್ಲ. ಬೆನ್ನಿಗೆ ಸ್ಪಂಜಿನ ತುಂಡು ಇಟ್ಟು ಕೊಡೋದೂ ಮಾಮೂಲಿ. ಅದರ ಬದಲು ಹಾಕೋ ಲೆವೆಲ್ 2 (ಪೆಟ್ಟು ಹೆಚ್ಚು ತಡೆಯೋ ದರ್ಜೆ) ಬೆನ್ನಿನ ಪ್ಯಾಡ್ ಖರ್ಚೂ ಈ ದುಡ್ಡಲ್ಲೇ ಬರಬೇಕು.

ಈ ಬೆಲೆಗೆ ಎಎ ದರ್ಜೆಯ ಯಾವ ಮೆಶ್ ಜಾಕೆಟ್ ಸಿಗುತ್ತೆ? ಮೈಸೂರಲ್ಲಿ ಹಾಕಿಕೊಂಡು ಬೈಕ್ ಮೇಲೆ ಕೂತು ನೋಡೋಕೆ ಬಿಡೋ ಅಂಗಡಿ ಯಾವುದು? ಕನ್ನಡಿ ಮುಂದೆ ನಿಂತಾಗ ಸರಿಯಾಗಿ ಕಂಡ ತೋಳು ಹ್ಯಾಂಡಲ್ ಹಿಡಿದಾಗ ಮೇಲೆ ಸರಿಯುತ್ತೆ. ಸಡಿಲ ಇದ್ರೆ ಮೊಣಕೈ ಪ್ಯಾಡ್ ಪಕ್ಕಕ್ಕೆ ತಿರುಗುತ್ತೆ, ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಒಳಗೆ ಹಾಕೋ ಮಳೆ ಲೈನರ್ ಬೇಡ, ಜಾಕೆಟ್ ಮೇಲೆ ಹಾಕೋ ರೇನ್‌ಕೋಟ್ ಇದೆ. ಬಳಸಿರೋರು ಮಾಡೆಲ್ ಹೆಸರು, ಸೈಜು ಬರೆದು ತಿಳಿಸಿ.