ಹೊಸ ಸ್ಪೀಕರ್ ಕೇಬಲ್ ಹಾಕಿದ ಮೇಲೆ ಬೇಸ್ ಕಾಣೆಯಾಗಿದೆ, ಇದಕ್ಕಿಂತ ಒಳ್ಳೆಯ ಕೇಬಲ್ ಯಾವುದು?

ಒಂಟಿಕೊಪ್ಪಲ್ ವೀಣೆ:
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನನ್ನ ಸ್ಟೀರಿಯೊಗೆ ಮೀಟರಿಗೆ 850 ರೂಪಾಯಿಯ ಸ್ಪೀಕರ್ ಕೇಬಲ್ ತಂದು ಹಾಕಿದೆ. ಇದು ಆಮ್ಲಜನಕರಹಿತ ತಾಮ್ರದ್ದು, ಬೇಸ್ ಬಿಗಿಯಾಗುತ್ತದೆ, ಹಾಡುವವರು ಎದುರಿಗೇ ಬಂದು ಕುಳಿತಂತಿರುತ್ತದೆ ಎಂದೆಲ್ಲ ಅಂಗಡಿಯವರು ಹೇಳಿದ್ದರು. ಆದದ್ದು ತದ್ವಿರುದ್ಧ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಮಂದ್ರ ತೆಳ್ಳಗಾಗಿದೆ, ಮೃದಂಗದ ಗುಮ್ಕಿಯಂತೂ ಹೊರಟೇ ಹೋಗಿದ್ದು, ಎಡಗೈ ಬಿದ್ದಲ್ಲೆಲ್ಲ ತಗಡಿನ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಮೂರು ದಿನಗಳಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ‘ಹಳೆಯ ತಂತಿಗೇನು ರೋಗ ಬಂದಿತ್ತು’ ಎಂಬ ಮನೆಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮೀಟರಿಗೆ 1,500 ರೂಪಾಯಿಯವರೆಗೆ ಹೋಗಬಲ್ಲೆ. ಬೇಸ್ ಹಿಂತಿರುಗಬೇಕಾದರೆ ಯಾವ ಕೇಬಲ್ ಕೊಳ್ಳಬೇಕೆಂದು ಬಲ್ಲವರು ತಿಳಿಸಬೇಕು.

ವಾಲ್ವ್ ಪ್ರಿಯ:
ಆತುರ ಬೇಡ ಸರ್. ಹೊಸ ಕೇಬಲ್ ಪಳಗುವುದಕ್ಕೆ ಕನಿಷ್ಠ 200 ಗಂಟೆ ಬೇಕು. ಮೊದಲ ವಾರ ಬೇಸ್ ಬಿಗಿದುಕೊಂಡಿರುತ್ತದೆ, ಆಮೇಲೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಹಗಲು ರಾತ್ರಿ ಮೆಲ್ಲಗೆ ಹಾಡಲು ಬಿಡಿ. ನನ್ನ ಇಎಲ್34 ವಾಲ್ವ್ ಆಂಪ್ಲಿಫೈಯರಿಗೆ ಬೆಳ್ಳಿ ಲೇಪದ ಕೇಬಲ್ ಹಾಕಿದಾಗ ನಾನೂ ಹೀಗೆಯೇ ಕಂಗಾಲಾಗಿದ್ದೆ.

ಮಿಲಿ ಓಮ್:
ತಾಮ್ರವೇನು ಹೋರಿಯಲ್ಲ, ಪಳಗುವುದಕ್ಕೆ. ಆಂಪ್ಲಿಫೈಯರ್ ಯಾವುದು, ಸ್ಪೀಕರ್ ಎಷ್ಟು ಓಮ್‌ನದು, ಕೇಬಲಿನ ಉದ್ದ ಮತ್ತು ದಪ್ಪ ಎಷ್ಟು ಎಂಬುದನ್ನು ಹೇಳದೆ ಪರಿಹಾರ ಕೇಳಿದರೆ ಯಾರು ತಾನೇ ಏನು ಹೇಳಬಲ್ಲರು?

ಒಂಟಿಕೊಪ್ಪಲ್ ವೀಣೆ:
ನಾರ್ಜ್ ಆಂಪ್ಲಿಫೈಯರ್, ಸೋನೋಡೈನ್‌ನ 8 ಓಮ್ ಸ್ಪೀಕರುಗಳು, ಒಂದೊಂದು ಬದಿಗೆ 5 ಮೀಟರ್ ಕೇಬಲ್, ದಪ್ಪ 2.5 ಚದರ ಮಿ.ಮೀ. ಆಂಪ್ಲಿಫೈಯರ್, ಸ್ಪೀಕರುಗಳು ಹತ್ತು ವರ್ಷಗಳಿಂದ ಚೆನ್ನಾಗಿಯೇ ನಡೆದಿವೆ. ನಾನು ಬದಲಿಸಿದ್ದು ಕೇಬಲನ್ನು ಮಾತ್ರ, ಆದ್ದರಿಂದ ಕೇಬಲಿನ ವಿಷಯವನ್ನಷ್ಟೇ ಹೇಳಿದರೆ ಉಪಕಾರವಾಗುತ್ತದೆ.

ಮಿಲಿ ಓಮ್:
ಹಾಗಾದರೆ ಲೆಕ್ಕ ಸುಲಭ. ಈ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 7 ಮಿಲಿ ಓಮ್ ರೋಧ, ಅಂದರೆ ವಿದ್ಯುತ್ತಿಗೆ ತಡೆ, ಇರುತ್ತದೆ. ಹೋಗುವ ಬರುವ ಎರಡೂ ಎಳೆ ಸೇರಿ 10 ಮೀಟರಿಗೆ 0.07 ಓಮ್. ಹಳೆಯದು 0.75 ಚದರ ಮಿ.ಮೀ. ಸಾಧಾರಣ ತಂತಿಯೇ ಆಗಿತ್ತೆಂದುಕೊಂಡರೂ ಅದರ ರೋಧ 0.25 ಓಮ್ ದಾಟುವುದಿಲ್ಲ. 8 ಓಮ್ ಸ್ಪೀಕರಿನ ಮುಂದೆ ಇವೆರಡರ ಅಂತರ 0.2 ಡೆಸಿಬೆಲ್‌ನಷ್ಟೂ ಆಗುವುದಿಲ್ಲ. ಕೇಬಲಿನ ರೋಧವು ಸ್ಪೀಕರಿನ ಓಮ್‌ನ 5 ಶೇಕಡಾದೊಳಗಿದ್ದರೆ ಸಾಕೆಂದು ಮ್ಯಾಕಿಂತೋಷ್ ಕಂಪನಿಗೆ ಸ್ಪೀಕರುಗಳನ್ನು ರೂಪಿಸುತ್ತಿದ್ದ ರೋಜರ್ ರಸೆಲ್ ಎಂದೋ ಬರೆದಿಟ್ಟಿದ್ದಾರೆ. ಹೀಗಿರುವಾಗ ಬೇಸ್ ಹೋಗಿದೆ ಎಂದರೆ ನಿಮಗೆ ಕೊಟ್ಟಿರುವುದು ತಾಮ್ರವೇ ಅಲ್ಲ, ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿರುತ್ತದೆ.

ಒಂಟಿಕೊಪ್ಪಲ್ ವೀಣೆ:
ಕೆರೆದೆ. ಒಳಗೂ ಕೆಂಪಗೇ ಇದೆ.

ಮಿಲಿ ಓಮ್:
ಮೇಲಿನ ಎಳೆಗಳು ತಾಮ್ರದ್ದಿದ್ದು ನಡುವಿನವು ಬೇರೆ ಇರಬಹುದು. ನಾಲ್ಕಾರು ಎಳೆ ಬಿಡಿಸಿ ಕೆರೆಯಿರಿ. ಆಗದಿದ್ದರೆ ಮಲ್ಟಿಮೀಟರಿನಿಂದ ರೋಧ ಅಳೆದು ಹೇಳಿ.

ಬೆಸುಗೆ ಕಡ್ಡಿ:
ಸಾಮಾನ್ಯ ಮಲ್ಟಿಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.2 ಓಮ್ ತೋರಿಸುತ್ತದೆ, ಅದರಿಂದ 0.07 ಅಳೆಯುವುದು ಸೇರುಬುಟ್ಟಿಯಲ್ಲಿ ಬಂಗಾರ ತೂಗಿದ ಹಾಗೆ. ಇನ್ನೊಂದು ಮಾತು: ಅಲ್ಯೂಮಿನಿಯಮಿನ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಅಲ್ಲಿಗೆ 0.11 ಓಮ್. ನಿಮ್ಮದೇ ಲೆಕ್ಕದಲ್ಲಿ ಅದೂ ಹಳೆಯ ತಂತಿಗಿಂತ ಉತ್ತಮವೇ ಆಯಿತಲ್ಲ?

ವಾಲ್ವ್ ಪ್ರಿಯ:
ಎಲ್ಲವನ್ನೂ ಓಮ್‌ನಲ್ಲಿ ತೂಗುವವರೊಡನೆ ವಾದ ಮಾಡುವುದು ಕಷ್ಟ. ನನ್ನ ಟರ್ನ್‌ಟೇಬಲಿನಿಂದ ಫೋನೊ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಬದಲಿಸಿದ ದಿನವೇ ಪಿಟೀಲಿನ ತಾರಸ್ಥಾಯಿಯ ಕರ್ಕಶ ಹೋಯಿತು. ಅಂದು ಮನೆಯಲ್ಲಿ ಐದು ಜನ ಕೇಳಿದ್ದಾರೆ. ತೇಗದ ಪೆಟ್ಟಿಗೆಯಲ್ಲಿ ಕೂರಿಸಿದ 12 ಇಂಚಿನ ಅಲ್ನಿಕೊ ಸ್ಪೀಕರುಗಳು ನನ್ನವು. ಆ ಪೆಟ್ಟಿಗೆಯನ್ನು ಬಡಗಿಯ ಹತ್ತಿರ ಎರಡು ಸಲ ಬಿಚ್ಚಿಸಿ ಮತ್ತೆ ಕಟ್ಟಿಸಿದ್ದೇನೆ. ಅಂಥ ಸ್ಪೀಕರಿನ ಮುಂದೆ ಕುಳಿತರೆ ಕೇಬಲಿನ ವ್ಯತ್ಯಾಸ ಯಾರಿಗಾದರೂ ಕೇಳುತ್ತದೆ.

ಮಿಲಿ ಓಮ್:
ಫೋನೊ ಕೇಬಲಿನ ಮಾತನ್ನು ಒಪ್ಪುತ್ತೇನೆ, ಆದರೆ ಕಾರಣ ನೀವು ತಿಳಿದಿರುವುದಲ್ಲ. ಟರ್ನ್‌ಟೇಬಲಿನ ಮುಳ್ಳನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಎಂದರೆ ಸೂಕ್ಷ್ಮ ತಂತಿಯ ಸಾವಿರಾರು ಸುತ್ತುಗಳ ಸುರುಳಿ. ಕೇಬಲಿನ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ) ಅದರ ಜೊತೆ ಸೇರಿ ಮೇಲಿನ ಸ್ವರಗಳನ್ನು ಒಂದೆಡೆ ಉಬ್ಬಿಸಿ ಅದರಾಚೆ ಕತ್ತರಿಸುತ್ತದೆ. ಅಲ್ಲಿ ಮೀಟರಿಗೆ 150 ಪಿಕೊಫ್ಯಾರಡ್ ಕೇಬಲಿಗೂ 60ರದಕ್ಕೂ ನಿಜವಾದ ಭೇದವಿದೆ, ಬೆಲೆಗೆ ಅದರಲ್ಲಿ ಪಾತ್ರವಿಲ್ಲ. ಸ್ಪೀಕರ್ ಕೇಬಲಿಗೆ ಈ ಮಾತು ಅನ್ವಯಿಸುವುದಿಲ್ಲ. 2007ರಲ್ಲಿ, ಪೊಳ್ಳು ದಾವೆಗಳನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ್‍ಯಾಂಡಿಯವರು, 12 ಅಡಿಯ ಜೋಡಿಗೆ 7,250 ಡಾಲರ್ ಬೆಲೆಯ ಕೇಬಲನ್ನು ಸಾಧಾರಣ ಕೇಬಲಿನಿಂದ ಕಿವಿಯಲ್ಲೇ ಬೇರ್ಪಡಿಸಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವೆನೆಂದರು. ಆ ಹಣವನ್ನು ಯಾರೂ ಗೆಲ್ಲಲಿಲ್ಲ.

ವಾಲ್ವ್ ಪ್ರಿಯ:
ಗೆಲ್ಲಲಿಲ್ಲ ಎನ್ನುತ್ತೀರಿ, ಆ ಪರೀಕ್ಷೆ ನಡೆಯಲೇ ಇಲ್ಲ ಎಂಬುದನ್ನು ನುಂಗಿಬಿಟ್ಟಿರಿ. ಆಡದ ಪಂದ್ಯದಲ್ಲಿ ಸೋತವರು ಯಾರು?

ಬೆಸುಗೆ ಕಡ್ಡಿ:
ಪಂದ್ಯವನ್ನು ಆಮೇಲೆ ಆಡೋಣ. ಒಂಟಿಕೊಪ್ಪಲಿನವರೇ, ಮೂರು ವಿಷಯ ಹೇಳಿ. ಹಾಡುವವರ ದನಿ ಎರಡು ಸ್ಪೀಕರುಗಳ ನಡುವೆ ಒಂದೆಡೆ ನಿಲ್ಲುತ್ತದೆಯೇ, ಅಥವಾ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ತಲೆಯ ಸುತ್ತ ಹರಡಿಕೊಂಡಿದೆಯೇ? ಒಂದು ಸ್ಪೀಕರಿನ ಕೇಬಲ್ ಕಳಚಿ ಒಂದನ್ನೇ ಕೇಳಿದಾಗ ಬೇಸ್ ಹೆಚ್ಚಾಗುತ್ತದೆಯೇ? ಕೇಬಲಿನ ಎರಡು ಎಳೆಗಳ ಬಣ್ಣ ಯಾವುದು?

ಒಂಟಿಕೊಪ್ಪಲ್ ವೀಣೆ:
ದನಿ ಹರಡಿಕೊಂಡಿರುವುದು ನಿಜ. ಅದನ್ನು ನಾನು ದುಬಾರಿ ಕೇಬಲಿನ ‘ವಿಶಾಲತೆ’ ಎಂದುಕೊಂಡಿದ್ದೆ. ಒಂದು ಸ್ಪೀಕರನ್ನು ಕಳಚಿದೆ, ಆಶ್ಚರ್ಯವೆಂದರೆ ಗುಮ್ಕಿ ಕೇಳಿಸಿತು. ಹಳೆಯ ತಂತಿ ಕೆಂಪು-ಕಪ್ಪು ಇತ್ತು. ಹೊಸದರ ಹೊದಿಕೆ ಪಾರದರ್ಶಕ, ಎರಡು ಎಳೆಯೂ ಒಂದೇ ತಾಮ್ರದ ಬಣ್ಣ. ಇದನ್ನು ಮೊದಲೇ ಹೇಳಬೇಕಿತ್ತೆಂದು ನನಗೆ ಹೊಳೆಯಲಿಲ್ಲ.

ಬೆಸುಗೆ ಕಡ್ಡಿ:
ಒಂದು ಬದಿಯಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಸ್ಪೀಕರಿನ ಕೋನ್ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಹಾಳೆ) ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ, ಒಂದು ದೂಡಿದ ಗಾಳಿಯನ್ನು ಮತ್ತೊಂದು ಎಳೆದುಕೊಳ್ಳುತ್ತದೆ. 50 ಹರ್ಟ್ಸ್ ಸ್ವರದ ಅಲೆ ಸುಮಾರು 7 ಮೀಟರ್ ಉದ್ದದ್ದು. ಎರಡು ಮೀಟರ್ ಅಂತರದ ಸ್ಪೀಕರುಗಳಿಂದ ಅಂಥ ಅಲೆಗಳು ವಿರುದ್ಧವಾಗಿ ಹೊರಟರೆ ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲಿನ ಸ್ವರಗಳ ಅಲೆ ಗಿಡ್ಡ, ಅವು ಹೇಗೋ ಉಳಿದುಕೊಳ್ಳುತ್ತವೆ. ಅದಕ್ಕೇ ನಿಮಗೆ ಡಬ್ಬಿಯ ಸದ್ದು.

ಆಂಪ್ಲಿಫೈಯರ್ ಆರಿಸಿ, ಅದರ ಕಡೆಯ ತುದಿಗಳನ್ನು ಬಿಚ್ಚಿಕೊಳ್ಳಿ. ಸ್ಪೀಕರಿನ ಮುಂದಿನ ಬಟ್ಟೆಯ ಚೌಕಟ್ಟು ತೆಗೆದು, 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಆ ತುದಿಗಳಿಗೆ ಕ್ಷಣಮಾತ್ರ ತಾಗಿಸಿ. ದೊಡ್ಡ ಕೋನ್ ಮುಂದಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಪ್ಲಸ್ ಎಳೆ. ಬೆಳಕಿಗೆ ಹಿಡಿದು ನೋಡಿದರೆ ಒಂದು ಎಳೆಯ ಹೊದಿಕೆಯ ಮೇಲೆ ಅಕ್ಷರಗಳೋ ಕೂದಲೆಳೆಯಂಥ ಗೆರೆಯೋ ಇರಬಹುದು.

ಒಂಟಿಕೊಪ್ಪಲ್ ವೀಣೆ:
ಸಿಕ್ಕಿತು. ಬಲಗಡೆಯ ಕೋನ್ ಮುಂದೆ ಬಂತು, ಎಡಗಡೆಯದು ಹಿಂದಕ್ಕೆ ಹೋಯಿತು. ಕೆಂಪು ಟರ್ಮಿನಲಿಗೆ ಗೆರೆಯಿದ್ದ ಎಳೆಯನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ನಾನೇ ಸಿಕ್ಕಿಸಿದ್ದೆ. ಶೋಕೇಸಿನ ಹಿಂದೆ ಮೊಬೈಲ್ ಬೆಳಕಿನಲ್ಲಿ ಮಾಡಿದ ಕೆಲಸ. ಸರಿಪಡಿಸಿದ ಕೂಡಲೇ ಗುಮ್ಕಿ ಎದೆಗೆ ತಾಗಿತು, ವೀಣೆ ನಡುವೆ ಬಂದು ಕುಳಿತಿತು. ಪ್ಲಸ್ ತುದಿಗಳಿಗೆಲ್ಲ ಮಗಳ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೇನೆ.

ಹಾಗೆಯೇ ಹಳೆಯ ತಂತಿಯನ್ನೂ ಒಮ್ಮೆ ಹಾಕಿ ನೋಡಿದೆ. ಯಾವುದು ಹಾಕಿದ್ದೇನೆಂದು ಹೇಳದೆ ಮಗಳು ಹತ್ತು ಸಲ ಬದಲಿಸಿದಳು, ನಾನು ಐದು ಸಲ ಸರಿಯಾಗಿ ಹೇಳಿದೆ. ಈಗ 8,500 ರೂಪಾಯಿಯ ಲೆಕ್ಕ ಮನೆಯಲ್ಲಿ ಹೇಗೆ ಕೊಡುವುದೋ ತಿಳಿಯದು, ಕತ್ತರಿಸಿದ ಕೇಬಲನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ.

ಮಿಲಿ ಓಮ್:
ಹತ್ತರಲ್ಲಿ ಐದು ಎಂದರೆ ನಾಣ್ಯ ಚಿಮ್ಮಿದಂತೆಯೇ. ಅಲ್ಯೂಮಿನಿಯಂ ಇಲ್ಲವೆಂಬುದನ್ನು ನೀವಿನ್ನೂ ಪೂರ್ತಿ ಖಚಿತಪಡಿಸಿಕೊಂಡಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ವಾಲ್ವ್ ಪ್ರಿಯ:
ಆ ಕೇಬಲ್ ನಿಮಗೆ ಬೇಡವಾದರೆ ಅರ್ಧ ಬೆಲೆಗೆ ನನಗೆ ಕೊಡಿ. ಇದುವರೆಗೆ ಎಷ್ಟು ಗಂಟೆ ಓಡಿದೆ ಎಂಬುದನ್ನು ತಿಳಿಸಿದರೆ, ಉಳಿದದ್ದನ್ನು ನಾನು ಇಲ್ಲಿ ಓಡಿಸಿಕೊಳ್ಳುತ್ತೇನೆ.