ಅಣ್ಣನ ಖಿನ್ನತೆಗೆ ಟಿಎಂಎಸ್ ಮಾಡಿಸಿ ಅಂತಿದ್ದಾರೆ. ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ದಾವಣಗೆರೆ ತಂಗಿ:
ನಮ್ಮಣ್ಣನಿಗೆ 41 ವರ್ಷ. ಎರಡು ಥರದ ಮಾತ್ರೆ ಪೂರ್ತಿ ಡೋಸಿನಲ್ಲಿ ಕೊಟ್ಟು ನೋಡಿದರು. ನಿದ್ದೆ ಸ್ವಲ್ಪ ಸುಧಾರಿಸಿತು, ಮನಸ್ಸು ಇಲ್ಲ. ಅಂಗಡಿ ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದಾನೆ. ಈಗ ಡಾಕ್ಟರು ಬೆಂಗಳೂರಿಗೆ ಹೋಗಿ ಟಿಎಂಎಸ್ ಮಾಡಿಸಿ ಅಂದರು, ಕಾಂತದ ಮಿಡಿತದಿಂದ ಮೆದುಳಿಗೆ ಕೊಡುವ ಚಿಕಿತ್ಸೆಯಂತೆ. ಅಮ್ಮ ಮಾತ್ರ "ನನ್ನ ಮಗನ ತಲೆಗೆ ಕರೆಂಟ್ ಕೊಡಿಸಬೇಡಿ" ಅಂತ ಅಳುತ್ತಾರೆ. ಇದೂ ಅದೂ ಒಂದೇನಾ? ನೆನಪು ಹೋಗುತ್ತಾ?

ಸಾಗರದ ಟೀಚರ್:
ತಂಗೀ, ನಾನು ಮಾಡಿಸಿಕೊಂಡವಳು. ಮೊದಲು ಅಮ್ಮನಿಗೆ ಧೈರ್ಯ ಹೇಳು. ಅವರು ಹೆದರುತ್ತಿರುವುದು ಇಸಿಟಿಗೆ, ಅಂದರೆ ತಲೆಗೆ ಕರೆಂಟ್ ಕೊಡುವ ಚಿಕಿತ್ಸೆಗೆ. ಅದರಲ್ಲಿ ಅರಿವಳಿಕೆ ಕೊಟ್ಟು ಬೇಕಂತಲೇ ಫಿಟ್ಸ್ ಬರಿಸುತ್ತಾರೆ. ಅದೂ ಒಳ್ಳೆಯ ಚಿಕಿತ್ಸೆಯೇ, ಆದರೆ ಇದು ಬೇರೆ. ಎಚ್ಚರವಾಗಿ ಕುರ್ಚಿಯಲ್ಲಿ ಕೂತಿರುತ್ತೀವಿ. ನನಗೆ ನೆನಪಿನ ತೊಂದರೆ ಏನೂ ಆಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದು. ಇಲ್ಲಿ ತಂತಿಯ ಜಾಗದಲ್ಲಿ ನಮ್ಮ ಮೆದುಳು, ಅಷ್ಟೇ. ತಲೆಯ ಹೊರಗೆ ಒಂದು ಕಾಯಿಲ್ ಹಿಡಿಯುತ್ತಾರೆ. ಹಣೆಯ ಹಿಂದೆ ಎಡಭಾಗಕ್ಕೆ ಅದರ ಮಿಡಿತ ತಲುಪುತ್ತದೆ. 1985ರಲ್ಲಿ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಯವರು ಈ ಯಂತ್ರ ತೋರಿಸಿದರು. ಖಿನ್ನತೆಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು.

ಮೊದಲ ದಿನ ಅಳತೆ ನೋಡುತ್ತಾರೆ. ಎಷ್ಟು ಶಕ್ತಿಗೆ ಬಲಗೈ ಹೆಬ್ಬೆರಳು ತಾನಾಗಿಯೇ ಅಲುಗುತ್ತೆ ಅಂತ ಹುಡುಕಿ, ಅದರ ಮೇಲೆ ಡೋಸ್ ನಿರ್ಧಾರ. ಕಿವಿಗೆ ಇಯರ್‌ಪ್ಲಗ್ ಹಾಕುತ್ತಾರೆ, ಸದ್ದು ಜೋರು. ಯಾರೋ ಬೆರಳ ಗಿಣ್ಣಿನಿಂದ ತಲೆಗೆ ಕುಟ್ಟಿದ ಹಾಗಿರುತ್ತೆ. ಮೊದಲ ವಾರ ತಲೆನೋವು ಬಂತು, ಆಮೇಲೆ ಕಮ್ಮಿಯಾಯಿತು.

ನನಗೆ ಕಷ್ಟವಾದದ್ದು ದಿನಾ ಹೋಗುವುದು. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಹಾಸಿಗೆ ಬಿಟ್ಟು ಏಳಲಾಗದವಳಿಗೆ ಇದು ಬೆಟ್ಟ. ಮಲ್ಲೇಶ್ವರದ ಚಿಕ್ಕಮ್ಮ ಸ್ನಾನಕ್ಕೆ ನೀರು ಕಾಯಿಸಿಟ್ಟು, ಕೈ ಹಿಡಿದು ಎಬ್ಬಿಸದಿದ್ದರೆ ನಾನು ಮಧ್ಯದಲ್ಲೇ ಬಿಡುತ್ತಿದ್ದೆ. ಅಣ್ಣನಿಗೂ ಅಂಥವರೊಬ್ಬರು ಬೇಕು. ಅದನ್ನು ಮೊದಲು ಏರ್ಪಾಟು ಮಾಡು.

ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ. ಆಮೇಲೊಂದು ದಿನ ಆಟೋದವನು ಮೀಟರ್ ಹಾಕಲ್ಲ ಅಂದಾಗ ನಾನು ವಾದಕ್ಕೆ ನಿಂತೆ. ಚಿಕ್ಕಮ್ಮ ಮನೆಗೆ ಬಂದು ಅತ್ತುಬಿಟ್ಟರು. ಎಷ್ಟೋ ತಿಂಗಳಿಂದ ನನಗೆ ಸಿಟ್ಟೂ ಬಂದಿರಲಿಲ್ಲ. ಎಲ್ಲರಿಗೂ ಹೀಗಾಗುತ್ತೆ ಅನ್ನಲಾರೆ. ಕೆಲವರಿಗೆ ಏನೂ ಫಲ ಸಿಗುವುದಿಲ್ಲ. ಮಾತ್ರೆ ಮಾತ್ರ ಡಾಕ್ಟರು ಹೇಳದೆ ನಿಲ್ಲಿಸಬೇಡಿ.

ವಾರ್ಡ್ ಸಿಸ್ಟರ್:
ಟೀಚರ್ ಹೇಳಿದ್ದು ಸರಿ. ಈಗ ಥೀಟಾ ಬರ್ಸ್ಟ್ ಅಂತ ಮೂರೇ ನಿಮಿಷದ ವಿಧಾನವೂ ಇದೆ. 2018ರಲ್ಲಿ ಬಂದ ಕೆನಡಾದ ದೊಡ್ಡ ಅಧ್ಯಯನದಲ್ಲಿ ಅದು ಮೂವತ್ತೇಳೂವರೆ ನಿಮಿಷದ ಹಳೇ ವಿಧಾನಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ. ಎಲ್ಲಿ ಯಾವುದು ಮಾಡುತ್ತಾರೆ, ಕೇಳಿಕೊಳ್ಳಿ. ಅಣ್ಣನಿಗೆ ಹಿಂದೆ ಫಿಟ್ಸ್ ಬಂದಿತ್ತಾ? ತಲೆಯೊಳಗೆ ಕ್ಲಿಪ್, ಕಿವಿಯೊಳಗೆ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್? ಕುಡಿತ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಇಂಥ ವಿಷಯ ಬಚ್ಚಿಟ್ಟರೆ ಅಪಾಯ ಜಾಸ್ತಿ.

ದಾವಣಗೆರೆ ತಂಗಿ:
ಬೈಕ್ ಆಕ್ಸಿಡೆಂಟಿನಲ್ಲಿ ದವಡೆಗೆ ಪ್ಲೇಟ್ ಹಾಕಿದ್ದಾರೆ ಸಿಸ್ಟರ್. ನಡೆಯುತ್ತಾ? ಇನ್ನೊಂದು, ಹೇಳೋಕೂ ಭಯ. ನಿನ್ನೆ "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಅಂದ.

ವಾರ್ಡ್ ಸಿಸ್ಟರ್:
ಪ್ಲೇಟ್ ವಿಷಯಕ್ಕೆ ಆಪರೇಷನ್ ಕಾಗದ, ಎಕ್ಸ್‌ರೇ ಎರಡೂ ತಗೊಂಡು ಹೋಗಿ. ಯಾವ ಲೋಹ, ಕಾಯಿಲ್‌ನಿಂದ ಎಷ್ಟು ದೂರ ಅಂತ ಅವರೇ ನೋಡಿ ಹೇಳುತ್ತಾರೆ. ಆದರೆ ಆ ಮಾತಿಗೆ ಬೆಂಗಳೂರಿನ ತಾರೀಖು ಕಾಯಬೇಡಿ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಅವನನ್ನು ಒಬ್ಬನೇ ಬಿಡಬೇಡಿ. ಡಾಕ್ಟರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಕೂಡಲೇ ಏನಾದರೂ ಮಾಡಿಕೊಳ್ಳಬಹುದು ಅನ್ನಿಸಿದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥ ಹೊತ್ತಿನಲ್ಲಿ ಡಾಕ್ಟರು ಇಸಿಟಿಯನ್ನೇ ಹೇಳಬಹುದು, ಅದು ಬೇಗ ಕೆಲಸ ಮಾಡುತ್ತದೆ. ಅಮ್ಮನಿಗೂ ಇದನ್ನು ಈಗಲೇ ತಿಳಿಸಿ ಹೇಳಿ.

ದಾವಣಗೆರೆ ತಂಗಿ:
ಡಾಕ್ಟರಿಗೆ ಫೋನ್ ಮಾಡಿದೆ. ಸಂಜೆ ಕರೆದುಕೊಂಡು ಬನ್ನಿ ಅಂದರು. ಭಾವನೂ ಬರುತ್ತಿದ್ದಾರೆ.